ಮಿಸುಕಬೇಡಿ ಅಕ್ಕ ಮತ್ತು ಮೇಲಿನ ಎರಡು ಡಿಸ್ಕ್

ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಸಿ.ಟಿ. ಯಂತ್ರ ನಡೆಸುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿದೆ, ಯಾರೂ ಎಬ್ಬಿಸುವುದಿಲ್ಲ. ಎಲ್ಲರಿಗೂ ಆಕೆ ಮಿಸುಕಬೇಡಿ ಅಕ್ಕ. ಇಪ್ಪತ್ನಾಲ್ಕು ವರ್ಷಗಳಿಂದ ಗಾಜಿನ ಕಿಟಕಿಯ ಈಚೆ ಕೂತು, ಮೈಕಿನ ಗುಂಡಿ ಒತ್ತಿ, ಆಚೆ ಮಲಗಿದವರಿಗೆ "ಮಿಸುಕಬೇಡಿ" ಎನ್ನುತ್ತಾ ಬಂದವಳು. ದಿನಕ್ಕೆ ಮೂವತ್ತು ಸಲವಾದರೂ ಹೇಳುತ್ತಾಳೆ. ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಕುರ್ಚಿ ಎಳೆದರೂ ಬಾಯಿಂದ ಅದೇ ಬರುತ್ತದೆ.

ನಾನು ಅದೇ ಸೆಂಟರಿನಲ್ಲಿ ವರದಿ ಟೈಪು ಮಾಡುವವಳು. ನಮ್ಮ ಡಾಕ್ಟರು ಪರದೆಯ ಮೇಲಿನ ಚಿತ್ರಗಳನ್ನು ನೋಡುತ್ತಾ ಗುನುಗುತ್ತಾರೆ, ಆ ಗುನುಗನ್ನು ನಾನು ಅಕ್ಷರ ಮಾಡುತ್ತೇನೆ. ಹದಿನಾರು ವರ್ಷಗಳಲ್ಲಿ ಎಷ್ಟು ಜನರ ತಲೆಬುರುಡೆ, ಎಷ್ಟು ಜನರ ಬೆನ್ನುಮೂಳೆ ನನ್ನ ಬೆರಳ ತುದಿಯಲ್ಲಿ ಹಾದುಹೋಗಿವೆಯೋ ನನಗೇ ಗೊತ್ತಿಲ್ಲ. ಅಕ್ಕನ ಬಗ್ಗೆ ಬರೆಯಲು ನನಗೆ ಹಕ್ಕಿದೆ, ಯಾಕೆಂದರೆ ಈ ಕತೆಯಲ್ಲಿ ಅವಳ ತಪ್ಪಿನ ಪಕ್ಕದಲ್ಲೇ ನನ್ನ ತಪ್ಪೂ ಕುರ್ಚಿ ಹಾಕಿಕೊಂಡು ಕೂತಿದೆ. ಅದನ್ನು ಮುಚ್ಚಿಟ್ಟು ಅವಳನ್ನು ಹೊಗಳುವ ಮನಸ್ಸು ನನಗಿಲ್ಲ. ಹೊಗಳಿಸಿಕೊಳ್ಳುವ ಪುರುಸೊತ್ತು ಅವಳಿಗಂತೂ ಇಲ್ಲವೇ ಇಲ್ಲ.

ಯಂತ್ರದ ಕೋಣೆ ಯಾವಾಗಲೂ ತಣ್ಣಗೆ. ನಡುವೆ ಆಳೆತ್ತರದ ಉಂಗುರದಂಥ ಯಂತ್ರ, ಅದರೊಳಗೆ ಜಾರಿ ಹೋಗುವ ಕಿರಿದಾದ ಹಾಸಿಗೆ. ಅಕ್ಕ ಚಳಿಗೆ ಗಂಡನ ಹಳೆಯ ಸ್ವೆಟರ್ ಹಾಕಿಕೊಂಡು, ಅದರ ಮೇಲೆ ಸೆಂಟರಿನ ಬಿಳಿ ಕೋಟು ತೊಟ್ಟು ಮೂಟೆಯ ಹಾಗೆ ಓಡಾಡುತ್ತಾಳೆ. ಸೊಂಟ ನೋವೆಂದು ಬಂದವರು ಏನಾಗಿದೆ ಎಂದು ಕೇಳಿದರೆ ಅವಳದೇ ಒಂದು ವಿವರಣೆ ಇದೆ. "ಬೆನ್ನಲ್ಲಿ ಎರಡೆರಡು ಮೂಳೆ ಮಧ್ಯೆ ಒಂದೊಂದು ಪುಟ್ಟ ದಿಂಬಿದೆ, ಅದಕ್ಕೆ ಡಿಸ್ಕ್ ಅಂತಾರೆ. ದಿಂಬು ಹರಿದು ಹತ್ತಿ ಈಚೆ ಬಂದು ನರಕ್ಕೆ ಒತ್ತಿದ್ರೆ ಕಾಲಿನ ತನಕ ಉರೀತದೆ. ಹತ್ತಿ ಈಚೆ ಬಂದಿದೆಯಾ ಇಲ್ವಾ ಅಂತ ನೋಡ್ತೀವಿ ಅಷ್ಟೆ. ಹೆದರಬೇಡಿ, ಮಿಸುಕಬೇಡಿ." ದೊಡ್ಡ ಡಾಕ್ಟರು ಕಾಲು ಗಂಟೆ ಹೇಳಿದರೂ ಅರ್ಥವಾಗದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಅವಳ ಕೆಲಸದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಭಾಗವಿದೆ. ಸ್ಟ್ರೆಚರಿನಲ್ಲಿ ಬಂದವರನ್ನು ಯಂತ್ರದ ಹಾಸಿಗೆಗೆ ಸಾಗಿಸಬೇಕು. ಕೆಳಗಿನ ಹೊದಿಕೆಯ ನಾಲ್ಕು ಮೂಲೆ ಹಿಡಿದು "ಒಂದು, ಎರಡು, ಹೂಂ!" ಎಂದು ಎತ್ತಬೇಕು. ನಾಲ್ಕು ಜನ ಹಿಡಿಯುವ ಕೆಲಸ. ನಮ್ಮಲ್ಲಿ ಇಬ್ಬರು ಹಿಡಿಯುತ್ತಿದ್ದರು, ಒಮ್ಮೊಮ್ಮೆ ಅಕ್ಕ ಮತ್ತು ರೋಗಿಯ ಭಾವಮೈದ. ಜನ ಕೊಡಿ ಎಂದು ಅವಳು ಬರೆದ ಅರ್ಜಿಗಳನ್ನು ಟೈಪು ಮಾಡಿದವಳು ನಾನೇ. ಮ್ಯಾನೇಜರು ಅವನ್ನೆಲ್ಲ ಕಿವಿಗೂ ಹಾಕಿಕೊಳ್ಳಲಿಲ್ಲ.

ಒಂದು ಮಂಗಳವಾರ ಭಾರಿ ಆಳೊಬ್ಬನನ್ನು ಎತ್ತುವಾಗ ಅಕ್ಕನ ಬೆನ್ನಲ್ಲಿ ಏನೋ ಚಳಕ್ ಎಂದಿತು. ಹಲ್ಲು ಕಚ್ಚಿ ಆ ಸ್ಕ್ಯಾನ್ ಮುಗಿಸಿದಳು. ಮುಗಿಸಿ ಕುರ್ಚಿಯಿಂದ ಏಳಲು ಹೋದರೆ ಏಳಲಾಗಲಿಲ್ಲ. ಮರುದಿನದಿಂದ ಬಲತೊಡೆಯ ಮುಂಭಾಗದಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ ಉರಿ. ಮೆಟ್ಟಿಲಿಳಿಯುವಾಗ ಮಂಡಿ ಇದ್ದಕ್ಕಿದ್ದ ಹಾಗೆ ಕೈಕೊಡುವುದು. ಎತ್ತುವುದೊಂದನ್ನು ಬಿಟ್ಟು ನಾಲ್ಕು ವಾರ ಹಾಗೇ ದುಡಿದಳು, ಐದನೆಯ ವಾರ ಮೂಳೆ ಡಾಕ್ಟರಿಗೆ ತೋರಿಸಿ, ತನ್ನ ಯಂತ್ರದ ಮೇಲೆ ತಾನೇ ಮಲಗಿದಳು.

ಚಿತ್ರ ತೆಗೆದದ್ದು ಮಧ್ಯಾಹ್ನದ ಪಾಳಿಯ ಟೆಕ್ನಿಷಿಯನ್. ಅಕ್ಕನ ಕೈಕೆಳಗೆ ಕಲಿತವನು, ಅಕ್ಕ ಹೇಗೆ ಗುಂಡಿ ಒತ್ತುತ್ತಾಳೋ ಹಾಗೇ ಒತ್ತುವವನು. ಡಾಕ್ಟರು ನೋಡಿ ಗುನುಗಿದರು, ನಾನು ಟೈಪಿಸಿದೆ: ಡಿಸ್ಕ್‌ಗಳು ಸರಿಯಾಗಿವೆ, ನರಕ್ಕೆ ಒತ್ತಡ ಕಾಣುವುದಿಲ್ಲ.

ಆ ಒಂದು ಸಾಲು ಸಾಕಾಯಿತು. ಮ್ಯಾನೇಜರ ಕೈಗೆ ಬೆಣ್ಣೆ ಸಿಕ್ಕ ಹಾಗಾಯಿತು. ಜನ ಕೊಡಿ, ಜನ ಕೊಡಿ ಎಂದು ತಲೆ ತಿನ್ನುತ್ತಿದ್ದ ಹೆಂಗಸಿನ ಬೆನ್ನು ಕಲ್ಲಿನ ಹಾಗಿದೆ ಎಂದು ಅವರದೇ ಸೆಂಟರಿನ ಕಾಗದ ಹೇಳುತ್ತಿದೆಯಲ್ಲ! ಎರಡೇ ದಿನದಲ್ಲಿ ಪತ್ರ ಬಂತು. ಶುಕ್ರವಾರ ಹತ್ತು ಗಂಟೆಗೆ ಸಮಿತಿಯ ಮುಂದೆ ಹಾಜರಾಗಬೇಕು. ಇಲ್ಲದ ನೋವನ್ನು ನಟಿಸಿ ಎತ್ತುವ ಕೆಲಸ ತಪ್ಪಿಸಿಕೊಂಡದ್ದಕ್ಕೆ ಸರಿಯಾದ ಕಾರಣ ಕೊಡದಿದ್ದರೆ ಆಕೆಯನ್ನು ಯಂತ್ರದಿಂದ ತೆಗೆದು ಫೈಲು ಕೋಣೆಗೆ ಹಾಕಲಾಗುವುದು, ಮತ್ತು ಆ ಮಾತನ್ನು ಆಕೆಯ ಸೇವಾ ಪುಸ್ತಕದಲ್ಲಿ ನಮೂದಿಸಲಾಗುವುದು.

"ಫೈಲು ಕೋಣೆಗೆ ಹಾಕಲಿ, ಬೇಕಾದ್ರೆ ಬಾಗಿಲು ಕಾಯೋಕೆ ಹಾಕಲಿ," ಎಂದಳು ಅಕ್ಕ, ಪತ್ರವನ್ನು ನನ್ನ ಮೇಜಿನ ಮೇಲೆ ಎಸೆದು. "ನಟಿಸಿದೆ ಅಂತ ಬರೀತಾರಂತೆ. ನಾನು! ನಾಟಕ ಆಡೋಕೆ ಬಂದಿದ್ರೆ ಈ ಚಳಿ ಕೋಣೇಲಿ ಯಾಕೆ ಕೂತಿರ್ತಿದ್ದೆ?"

"ಅಕ್ಕ, ಸುಮ್ಮನೆ ಒಂದು ತಪ್ಪೊಪ್ಪಿಗೆ ಬರೆದುಕೊಟ್ಬಿಡಿ. ನಾನೇ ಚೆನ್ನಾಗಿ ಟೈಪ್ ಮಾಡ್ಕೊಡ್ತೀನಿ," ಎಂದೆ. ಹೇಡಿತನ ನನಗೆ ಸಲೀಸಾಗಿ ಬರುತ್ತದೆ.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ನಿನ್ನ ಟೈಪಿಗೆ ಬೆಂಕಿ ಹಾಕ," ಎಂದು ಎದ್ದು ಹೋದಳು. ಹೋಗುವಾಗ ಬಾಗಿಲ ಬಳಿ ಮಂಡಿ ಸೋತು ಗೋಡೆ ಹಿಡಿದುಕೊಂಡಳು, ನಾನು ನೋಡಿದ್ದು ಗೊತ್ತಾದ ಕೂಡಲೇ ಕೈ ಬಿಟ್ಟಳು.

ಮನೆಯಲ್ಲಿ ಅಕ್ಕನಿಗೆ ಗಂಡನಿದ್ದಾನೆ, ಬಾಯಿಲ್ಲದ ಮನುಷ್ಯ, ಕೈಗಡಿಯಾರ ರಿಪೇರಿ ಮಾಡುವವನು. ಅವನ ಪಾಲಿನ ಬಾಯಿಯೂ ಸೇರಿ ಅವನ ತಾಯಿಗೆ ಬಂದಿದೆ. ಅತ್ತೆಗೆ ಎಂಬತ್ತು ದಾಟಿದೆ. ಅತ್ತೆ ಸೊಸೆ ಮೂವತ್ತು ವರ್ಷಗಳಿಂದ ಒಂದೇ ಅಡುಗೆಮನೆಯಲ್ಲಿ ಎರಡು ಸೈನ್ಯದ ಹಾಗೆ ಬದುಕಿದ್ದಾರೆ. ಪತ್ರ ಬಂದ ಸಂಜೆ ಅಕ್ಕ ಕಣ್ಣೀರು ಒರೆಸಿಕೊಳ್ಳುವುದನ್ನು ಆ ಮುದುಕಿ ನೋಡಿಬಿಟ್ಟರಂತೆ.

"ಏನು ಬರೆದಿದ್ದಾರೆ ಅದರಲ್ಲಿ?"

"ನಾನು ಸುಳ್ಳು ನೋವು ಹೇಳ್ತಿದೀನಂತೆ, ಅತ್ತೆ."

"ನೀನಾ? ಸುಳ್ಳಾ?" ಅತ್ತೆ ಬೊಚ್ಚು ಬಾಯಿ ತೆರೆದು ನಕ್ಕರಂತೆ. "ನಿಂಗೆ ಸುಳ್ಳು ಹೇಳೋಕೆ ಬಂದಿದ್ರೆ ಈ ಮೂವತ್ತು ವರ್ಷದಲ್ಲಿ ಒಂದು ಸಲನಾದ್ರೂ ನನ್ನ ಅಡುಗೆ ಚೆನ್ನಾಗಿದೆ ಅಂತ ಹೇಳ್ತಿದ್ದೆ. ನಾಳೆ ಹೋಗಿ ಅವರಿಗೆ ಹೇಳು, ನನ್ನ ಅತ್ತೇನೇ ಸಾಕ್ಷಿ ಅಂತ."

ಮರುದಿನ, ಬುಧವಾರ, ಈ ಮಾತು ಹೇಳಿ ಅಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಕ್ಕರೆ ಬೆನ್ನು ನೋಯುತ್ತದೆಂದು ಒಂದು ಕೈಯನ್ನು ಹಿಂದಕ್ಕೆ ಒತ್ತಿಕೊಂಡೇ ನಕ್ಕಳು. ಹಾಗೆ ನಗುತ್ತಾ ಗಾಜಿನ ಕಿಟಕಿಯ ಕಡೆ ತಿರುಗಿದವಳು ತಟ್ಟನೆ ನಿಂತುಬಿಟ್ಟಳು. ಯಂತ್ರದ ಕೋಣೆಯಲ್ಲಿ ದೀಪ ಆರಿತ್ತು, ಗಾಜಿನಲ್ಲಿ ಅವಳ ಪ್ರತಿಬಿಂಬ ಕಾಣುತ್ತಿತ್ತು. ಅವಳು ತನ್ನ ಕೈಯನ್ನೇ ನೋಡುತ್ತಿದ್ದಳು. ಕೈ ಸೊಂಟದ ಮೇಲಿರಲಿಲ್ಲ. ಅದಕ್ಕಿಂತ ಒಂದು ಗೇಣು ಮೇಲೆ, ಕೊನೆಯ ಪಕ್ಕೆಲುಬಿನ ಹತ್ತಿರ, ಹಸ್ತವನ್ನು ಅಡ್ಡ ಇಟ್ಟುಕೊಂಡಿದ್ದಳು.

"ಈ ಕೈ ನಾನು ಎಲ್ಲೋ ನೋಡಿದೀನಿ," ಎಂದಳು.

"ನಿಮ್ಮದೇ ಕೈ, ದಿನಾ ನೋಡ್ತೀರಿ."

"ತಮಾಷೆ ಬೇಡ. ಬೀರು ಹೊರೋ ಮನುಷ್ಯ ಒಬ್ಬ ಬಂದಿದ್ನಲ್ಲ, ಎರಡು ವರ್ಷದ ಹಿಂದೆ. ಇಲ್ಲಿ ಕೈ ಇಟ್ಕೊಂಡು, ಅಕ್ಕಾ, ಇನ್ನೂ ಸ್ವಲ್ಪ ಮೇಲೆ ನೋಡಿ, ಇಲ್ಲಿ ನೋಡಿ ಅಂತಿದ್ದ. ನಾನು ಏನಂದೆ ಗೊತ್ತಾ? ಯಂತ್ರಕ್ಕೆ ಎಲ್ಲಾ ಗೊತ್ತು, ಮಿಸುಕಬೇಡಿ ಅಂದೆ."

ಅವನನ್ನು ನಾನು ಮರೆತಿರಲಿಲ್ಲ. ಪೀಠೋಪಕರಣದ ಅಂಗಡಿಗೆ ಬೀರು, ಮಂಚ ಹೊರುವ ಕೆಲಸದವನು. ತೊಡೆ ಉರಿಯುತ್ತದೆ, ಮಂಡಿ ನಿಲ್ಲುವುದಿಲ್ಲ ಎಂದು ಬಂದಿದ್ದ. ಎಲ್ಲ ಸರಿಯಿದೆ ಎಂಬ ವರದಿ ನೋಡಿ ನನ್ನ ಮೇಜಿನ ಮುಂದೆ ನಿಂತು ಕೂಗಾಡಿದ್ದ. "ನೀವು ಬರೆದಿರೋದು ಸುಳ್ಳು ಕಣಮ್ಮ!" ಎಂದಿದ್ದ. ನಾನು ಮೂಗು ಮುರಿದು, "ಡಾಕ್ಟರು ಹೇಳಿದ್ದು ಟೈಪ್ ಮಾಡ್ತೀನಿ, ನಿಮ್ಮ ಬೆನ್ನು ಹೇಳಿದ್ದಲ್ಲ," ಎಂದಿದ್ದೆ. ಆ ಮಾತಿಗೆ ಸಾಲಿನಲ್ಲಿ ಕೂತವರು ನಕ್ಕಿದ್ದರು. ಅದನ್ನು ಮನೆಗೆ ಹೋಗಿ ನನ್ನ ತಂಗಿಗೂ ಹೇಳಿ ನಗಿಸಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಕ್ಕ ಕಂಪ್ಯೂಟರಿನಲ್ಲಿ ತನ್ನದೇ ಸ್ಕ್ಯಾನ್ ತೆರೆದಳು. ಸೊಂಟದ ಸ್ಕ್ಯಾನಿಗೆ ಮೊದಲು ಮಗ್ಗುಲಿನಿಂದ ಒಂದು ಉದ್ದನೆಯ ಚಿತ್ರ ತೆಗೆಯುತ್ತಾರೆ. ಅದರಲ್ಲಿ ಇಡೀ ಬೆನ್ನುಮೂಳೆಯ ಸಾಲು ಮಸುಕಾಗಿ ಕಾಣುತ್ತದೆ. ಆಮೇಲೆ ಯಾವ ಡಿಸ್ಕನ್ನು ಅಡ್ಡಡ್ಡ ಸೀಳಿ ನೋಡಬೇಕೋ ಅಲ್ಲೊಂದು ಗೆರೆ ಎಳೆಯಬೇಕು. ಗೆರೆ ಎಳೆದ ಕಡೆ ಮಾತ್ರ ಯಂತ್ರ ಒಳಹೊಕ್ಕು ನೋಡುತ್ತದೆ. ಅಕ್ಕನ ಚಿತ್ರದಲ್ಲಿ ಕೆಳಗಿನಿಂದ ಎಣಿಸಿ ಮೂರು ಗೆರೆಗಳಿದ್ದವು.

"ಸೊಂಟದಲ್ಲಿ ಎಷ್ಟು ಡಿಸ್ಕ್?" ಎಂದು ಕೇಳಿದಳು, ನನ್ನನ್ನೋ ತನ್ನನ್ನೋ.

"ಐದು," ಎಂದೆ. ಅಷ್ಟು ನನಗೂ ಗೊತ್ತು.

"ಇಲ್ಲಿ ನೋಡಿರೋದು ಮೂರು. ಮೇಲಿನ ಎರಡು ಯಾರೂ ನೋಡೇ ಇಲ್ಲ. ನಂದೂ ಇಲ್ಲ, ಅವನದೂ ಇಲ್ಲ."

ಇದು ಹೇಗಾಯಿತು ಎಂದು ಹೇಳಬೇಕು, ಇಲ್ಲದಿದ್ದರೆ ಯಾರೋ ಸೋಮಾರಿಗಳು ಮಾಡಿದ ಕೆಲಸ ಎನಿಸುತ್ತದೆ. ಹಿಂದೆ ನಮ್ಮಲ್ಲಿದ್ದ ಹಳೆಯ ಯಂತ್ರ ಬೇಗ ಕಾಯುತ್ತಿತ್ತು. ಮೂರು ಡಿಸ್ಕ್ ನೋಡುವ ಹೊತ್ತಿಗೆ ಬಿಸಿಯೇರಿ, ತಣ್ಣಗಾಗಲು ಕಾಲು ಗಂಟೆ ಬೇಡುತ್ತಿತ್ತು. ಹರಿಯುವ ಡಿಸ್ಕ್‌ಗಳಲ್ಲಿ ಹೆಚ್ಚಿನವು ಕೆಳಗಿನವೇ. ಹಾಗಾಗಿ ಮೂರೇ ಸಾಕು ಎಂಬ ರೂಢಿ ಬಂತು. ಹನ್ನೆರಡು ವರ್ಷದ ಹಿಂದೆ ಹೊಸ ಯಂತ್ರ ಬಂತು. ಅದಕ್ಕೆ ಐದು ಡಿಸ್ಕ್ ಎಂದರೆ ಕಣ್ಣು ಮಿಟುಕಿಸಿದಷ್ಟೇ ಕೆಲಸ. ಅದರ ಪರದೆಯಲ್ಲಿ ತಲೆ, ಎದೆ, ಹೊಟ್ಟೆ, ಸೊಂಟ ಎಂದು ಗುಂಡಿಗಳಿದ್ದವು, ಪ್ರತಿ ಗುಂಡಿಗೆ ಎಷ್ಟು ನೋಡಬೇಕೆಂದು ಮೊದಲ ದಿನ ಯಾರಾದರೂ ಹೇಳಿಕೊಡಬೇಕಿತ್ತು. ಸೊಂಟದ ಗುಂಡಿಗೆ ಮೂರು ಎಂದು ಹೇಳಿಕೊಟ್ಟವಳು ಅಕ್ಕ. ಯಂತ್ರ ಹೊಸದಾಯಿತು, ಕೈ ಹಳೆಯದೇ ಉಳಿಯಿತು. ಅಂದಿನಿಂದ ಯಾರ ಚೀಟಿಯಲ್ಲಿ ಸೊಂಟ ಎಂದು ಕಂಡರೂ ಅದೇ ಗುಂಡಿ, ಅದೇ ಮೂರು ಗೆರೆ.

"ನಾನೇ ಇಟ್ಟ ಬಲೇಲಿ ನಾನೇ ಬಿದ್ದೆ," ಎಂದಳು ಅಕ್ಕ. ನಂತರ ದನಿ ಬದಲಾಯಿತು. "ಅವನ ಚೀಟಿ ಹುಡುಕು. ಅವನನ್ನ ಕಳಿಸಿದ ಡಾಕ್ಟರು ಏನು ಬರೆದಿದ್ರು ನಂಗೆ ನೋಡಬೇಕು."

ಗುರುವಾರ ಬೆಳಿಗ್ಗೆ ಫೈಲು ಕೋಣೆಯ ಧೂಳಿನಲ್ಲಿ ಸೀನುತ್ತಾ ಎರಡು ಗಂಟೆ ಹುಡುಕಿದೆ. ಸಿಕ್ಕಿತು. ನಮ್ಮ ಅಚ್ಚಿನ ಫಾರಮ್ಮಿನ ಮೇಲೆ ದೊಡ್ಡದಾಗಿ 'ಸೊಂಟ' ಎಂದಿತ್ತು. ಅದರ ಹಿಂದೆ ಪಿನ್ನು ಹೊಡೆದ ಪುಟ್ಟ ಚೀಟಿಯೊಂದಿತ್ತು, ಮೂಳೆ ಡಾಕ್ಟರ ಕೈಬರಹದಲ್ಲಿ: ತೊಡೆಯ ಮುಂಭಾಗದಲ್ಲಿ ನೋವು. ಬೋರಲು ಮಲಗಿಸಿ ಮಂಡಿ ಮಡಿಸಿದರೆ ಜಾಸ್ತಿ. ಮೇಲಿನ ಡಿಸ್ಕ್‌ಗಳನ್ನು ತಪ್ಪದೆ ನೋಡಿ.

'ತಪ್ಪದೆ' ಎಂಬುದರ ಕೆಳಗೆ ಎರಡು ಸಲ ಗೆರೆ ಎಳೆದಿತ್ತು. ಆ ಪಿನ್ನನ್ನು ಯಾರೂ ಬಿಚ್ಚಿರಲಿಲ್ಲ. ಅಕ್ಕನೂ ಬಿಚ್ಚಲಿಲ್ಲ, ಡಾಕ್ಟರೂ ಬಿಚ್ಚಲಿಲ್ಲ, ಫಾರಮ್ಮನ್ನು ಮುಂದಿಟ್ಟುಕೊಂಡು ಟೈಪಿಸಿದ ನಾನೂ ಬಿಚ್ಚಲಿಲ್ಲ. ಅಕ್ಕ ಚೀಟಿಯನ್ನು ಮೂರು ಸಲ ಓದಿದಳು. ಅವಳ ಮುಖ ಕಪ್ಪಿಟ್ಟಿತು. ಅಷ್ಟು ದಿನ ತಾನು ಅನ್ಯಾಯಕ್ಕೊಳಗಾದವಳು ಎಂಬ ಸಿಟ್ಟಾದರೂ ಅವಳ ಬೆನ್ನಿಗಿತ್ತು. ಈಗ ಅದೂ ಹೋಯಿತು. ಚೀಟಿಯನ್ನು ಮಡಿಸಿ ಕೋಟಿನ ಜೇಬಿಗಿಟ್ಟು ಡಾಕ್ಟರ ಕೋಣೆಗೆ ನುಗ್ಗಿದಳು. ಹಿಂದೆಯೇ ನಾನು.

ನಮ್ಮ ಡಾಕ್ಟರು ಕೆಟ್ಟವರಲ್ಲ. ಕತ್ತಲೆ ಕೋಣೆಯಲ್ಲಿ ಕೂತು ಕೂತು ಮನುಷ್ಯರಿಗಿಂತ ಚಿತ್ರಗಳನ್ನೇ ಹೆಚ್ಚು ನೋಡಿದವರು, ಅಷ್ಟೆ.

"ಸರ್, ನಾನು ಬೋರಲು ಮಲಗ್ತೀನಿ. ನನ್ನ ಬಲಮಂಡಿ ಮಡಿಸಿ," ಎಂದಳು ಅಕ್ಕ.

"ಏನು? ನಾನ್ಯಾಕೆ? ನಿಮ್ಮ ಕಾಲು ಎತ್ತಿ ನೋಡಿದಾರಲ್ಲ ಮೂಳೆ ಡಾಕ್ಟರು?"

"ಅಂಗಾತ ಮಲಗಿಸಿ ಎತ್ತಿದ್ರು. ಏನೂ ಆಗಲಿಲ್ಲ. ಬೋರಲು ಯಾರೂ ಮಲಗಿಸಲಿಲ್ಲ. ಕೆಳಗಿನ ಡಿಸ್ಕಿಗೆ ಒಂದು ಪರೀಕ್ಷೆ, ಮೇಲಿನದಕ್ಕೆ ಇನ್ನೊಂದು ಪರೀಕ್ಷೆ. ನೀವೇ ಹೇಳಿಕೊಟ್ಟಿದ್ದು ಸರ್, ನಾನು ಸೇರಿದ ವರ್ಷ."

ಹೇಳುತ್ತಲೇ ಮೂಲೆಯ ಬೆಂಚಿನ ಮೇಲೆ ಬೋರಲು ಮಲಗಿಬಿಟ್ಟಳು. ಡಾಕ್ಟರು ಕನ್ನಡಕ ಸರಿಪಡಿಸಿಕೊಂಡು ಎದ್ದು ಬಂದರು. ಎಡಗಾಲಿನ ಮಂಡಿ ಮಡಿಸಿದರು, ಏನೂ ಇಲ್ಲ. ಬಲಗಾಲಿನದು ಅರ್ಧ ಮಡಿಸುವಷ್ಟರಲ್ಲಿ ಅಕ್ಕ ಕಿಟಾರನೆ ಕಿರುಚಿದಳು. ಎಬ್ಬಿಸಿ ಕೂರಿಸಿ ಮಂಡಿಯ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಎಡಗಾಲು ಒದ್ದ ಹಾಗೆ ಚಿಮ್ಮಿತು. ಬಲಗಾಲು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಮಂಡೀನೂ ನಾಟಕ ಆಡ್ತಿದೆಯಾ ಸರ್?" ಎಂದಳು ಅಕ್ಕ, ಕಣ್ಣಲ್ಲಿ ನೀರು ತುಂಬಿಕೊಂಡು.

ಡಾಕ್ಟರು ಹೊಸ ಚೀಟಿ ಬರೆದು ಸಹಿ ಹಾಕಿದರು. ಮಧ್ಯಾಹ್ನದ ಪಾಳಿಯವನು ಬಂದು ಎಂದಿನ ಹಾಗೆ ಗುಂಡಿಯ ಕಡೆ ಬೆರಳು ಒಯ್ದ. ಯಂತ್ರದೊಳಗಿಂದ ಅಕ್ಕ ಕೂಗಿದಳು. "ಗುಂಡಿ ಮುಟ್ಟಿದ್ರೆ ನೋಡು! ಕೈಯಲ್ಲಿ ಎಳಿ ಗೆರೆ. ಐದೂ!" ಅವನು ಮೈಕಿನಲ್ಲಿ ಮೆಲ್ಲಗೆ, "ಮಿಸುಕಬೇಡಿ ಅಕ್ಕ," ಎಂದ.

ಸಿ.ಟಿ. ಚಿತ್ರದಲ್ಲಿ ಮೂಳೆ ಬಿಳಿ, ಡಿಸ್ಕ್ ಬೂದು, ನರದ ಸುತ್ತಲಿನ ಕೊಬ್ಬು ಕಪ್ಪು. ಆ ಕಪ್ಪು ಇದ್ದರೆ ನರ ಆರಾಮವಾಗಿದೆ ಎಂದು ಅರ್ಥ. ಕೆಳಗಿನ ಮೂರೂ ಕಡೆ ಕಪ್ಪು ನಿಚ್ಚಳವಾಗಿತ್ತು. ಮೇಲಿನಿಂದ ಎರಡನೆಯದರಲ್ಲಿ ಎಡಗಡೆ ಕಪ್ಪಿತ್ತು, ಬಲಗಡೆ ಇರಲಿಲ್ಲ. ಬೂದು ಬಣ್ಣದ ಒಂದು ಉಂಡೆ ಅಲ್ಲಿ ನುಗ್ಗಿ ನರವನ್ನು ಮೂಲೆಗೊತ್ತಿತ್ತು. ಅದನ್ನು ಕಾಣಲು ಡಾಕ್ಟರೇ ಆಗಬೇಕಿರಲಿಲ್ಲ, ನನಗೂ ಕಂಡಿತು.

"ಇದೆ," ಎಂದರು ಡಾಕ್ಟರು. ಕನ್ನಡಕ ತೆಗೆದು, "ಮೊದಲೇ ಇತ್ತು," ಎಂದರು.

ಇಲ್ಲಿಗೆ ಕತೆ ಮುಗಿಯಬಹುದಿತ್ತು. ಶುಕ್ರವಾರ ಹತ್ತು ಗಂಟೆಗೆ ಸಮಿತಿಯ ಮುಂದೆ ಈ ಚಿತ್ರ ಇಟ್ಟು, ಸೆರಗು ಕೊಡವಿಕೊಂಡು ಬರಬಹುದಿತ್ತು. ಮ್ಯಾನೇಜರಿಗೂ ಅದೇ ಬೇಕಿತ್ತು. ಸಮಿತಿಯಲ್ಲಿದ್ದವರು ಮೂವರು: ಮ್ಯಾನೇಜರು, ಡಾಕ್ಟರು, ಮತ್ತು ಸೆಂಟರಿನ ಒಡತಿ, ತಿಂಗಳಿಗೊಮ್ಮೆ ಬಂದು ಹೋಗುವ ಹೆಂಗಸು. ಬರೆದುಕೊಳ್ಳಲು ನಾನು. ಅಕ್ಕ ಬಂದವಳೇ ಕೂರಲಿಲ್ಲ. ಕೂತರೆ ಏಳಲಾಗದು ಎಂದು ಕುರ್ಚಿಯ ಬೆನ್ನು ಹಿಡಿದು ನಿಂತಳು.

ಮ್ಯಾನೇಜರು ಹಲ್ಲು ಕಿರಿದು ಮಾತು ತೆಗೆದರು. "ಹೊಸ ವರದಿ ನೋಡಿದೀವಮ್ಮ. ನಮ್ಮ ಪತ್ರ ವಾಪಸ್ ತಗೊಳ್ತೀವಿ. ಆರು ವಾರ ರಜೆ, ಆಮೇಲೆ ಎತ್ತೋ ಕೆಲಸ ನಿಮಗಿಲ್ಲ, ನಾಲ್ಕು ಜನ ಕೊಡ್ತೀವಿ. ನಿಮ್ಮ ಯಂತ್ರ ನಿಮಗೇ. ಸರಿ ತಾನೆ? ಇಲ್ಲೊಂದು ಸಹಿ ಹಾಕಿ."

"ಮೊದಲನೇ ಸ್ಕ್ಯಾನಲ್ಲಿ ಯಾಕೆ ಕಾಣಲಿಲ್ಲ ಅಂತ ಇದರಲ್ಲಿ ಬರೆದಿಲ್ಲವಲ್ಲ?"

"ಅದೆಲ್ಲ ಈಗ ಯಾಕೆ? ಆಗಿದ್ದು ಆಗಿಹೋಯ್ತು."

ಅಕ್ಕ ಕೋಟಿನ ಜೇಬಿನಿಂದ ಬೀರು ಹೊರುವವನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ಓದಿ ತಲೆ ತಗ್ಗಿಸಿದರು. ಮ್ಯಾನೇಜರು ಓದಿ, ಕೈಗೆ ಚೇಳು ಕಚ್ಚಿದವರ ಹಾಗೆ ಕೆಳಗಿಟ್ಟರು.

"ಇದನ್ನ ಎಲ್ಲಿಂದ ತಂದ್ರಿ? ನೋಡಿ, ಇದರಲ್ಲಿ ತಪ್ಪು ಯಾರದು ಅಂತ ಹುಡುಕಿದ್ರೆ ಮೊದಲು ಬರೋದೇ ನಿಮ್ಮ ಹೆಸರು. ಆ ಗುಂಡಿ ಇಟ್ಟೋರು ನೀವು. ಚೀಟಿ ಓದದೆ ಇದ್ದೋರೂ ನೀವು."

"ಹೌದು."

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದೀರಿ!"

"ಹಾಕ್ಕೊಳ್ತೀನಿ. ನನ್ನ ಕಾಲು, ನನ್ನ ಕಲ್ಲು." ಅಕ್ಕನ ದನಿ ಏರಿತು. "ನಂಗೆ ಬರೀ ಮೂರು ದಿನ ಸುಳ್ಳುಗಾತಿ ಅಂದ್ರಿ. ಮೂರು ದಿನಕ್ಕೇ ಹೊಟ್ಟೆಗೆ ಅನ್ನ ಸೇರಲಿಲ್ಲ. ಆ ಮನುಷ್ಯನಿಗೆ ಎರಡು ವರ್ಷ ಆಯ್ತು. ನನ್ನ ಯಂತ್ರ ನಂಗೆ ವಾಪಸ್ ಕೊಟ್ರೆ ಅವನ ಮಾತು ಅವನಿಗೆ ವಾಪಸ್ ಕೊಡೋರು ಯಾರು? ಅವನನ್ನ ಕರೆಸಬೇಕು. ಅವನ ಹಾಗೆ ತೊಡೆ ಉರಿ ಅಂತ ಬಂದು ಸರಿಯಿದೆ ಅಂತ ಕಳಿಸಿರೋರು ಎಷ್ಟು ಜನ ಇದಾರೋ ಅವರನ್ನೂ. ಅಲ್ಲೀ ತನಕ ನಾನು ಸಹಿ ಹಾಕಲ್ಲ. ನನ್ನ ಮೇಲೆ ಮೆಮೋ ಕೊಡ್ತೀರಾ, ಕೊಡಿ. ಫೈಲು ಕೋಣೆಗೆ ಹಾಕ್ತೀರಾ, ಹಾಕಿ. ಅಲ್ಲಿ ಕೂತು ಎಲ್ಲಾ ಪಿನ್ನೂ ಬಿಚ್ಚಿ ಓದ್ತೀನಿ."

ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ನನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದೆ. "ಆ ಫಾರಮ್ ನನ್ನ ಮುಂದೇನೇ ಇತ್ತು. ನಂಗೂ ಮೆಮೋ ಕೊಡಿ," ಎಂದೆ. ನನ್ನ ಜೀವಮಾನದಲ್ಲಿ ಮ್ಯಾನೇಜರ ಮುಂದೆ, ಅವರು ಕೇಳದೆಯೇ, ನಾನು ಆಡಿದ ಮೊದಲ ಮಾತು ಅದು.

ಡಾಕ್ಟರು ಚೀಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಓದಬೇಕಾದವನು ನಾನು," ಎಂದರು. "ಕೆಳಗೆ ಸಹಿ ನಂದೇ ಇದೆ."

ಅಲ್ಲಿಯವರೆಗೆ ಬಾಯಿ ಬಿಡದ ಒಡತಿ ಮ್ಯಾನೇಜರ ಕಡೆ ತಿರುಗಿ, "ಕರೆಸಿ," ಎಂದರು. ಮನಸ್ಸು ಕರಗಿ ಹೇಳಿದರೋ, ಮಾತು ಹೊರಗೆ ಹೋದೀತೆಂದು ಹೆದರಿ ಹೇಳಿದರೋ ನನಗೆ ಗೊತ್ತಿಲ್ಲ. ಅಕ್ಕನಿಗೆ ಅದು ಬೇಕೂ ಇರಲಿಲ್ಲ. ಆ ಮಧ್ಯಾಹ್ನ ಅವಳೇ ಪರದೆಯ ಮುಂದೆ ಕೂತು ಸೊಂಟದ ಗುಂಡಿಯಿಂದ ಮೂರನ್ನು ಅಳಿಸಿ ಐದು ಮಾಡಿದಳು. ಸಂಜೆಯೊಳಗೆ ಮೆಮೋ ಬಂತು. ನಾನೇ ಟೈಪು ಮಾಡಿದೆ, ಅವಳದೂ ನನ್ನದೂ.

ಬೀರು ಹೊರುವವನಿಗೆ ಫೋನು ಮಾಡಿದವಳೂ ಅಕ್ಕನೇ. ಅವನು ಈಗ ಹೊರುವುದನ್ನು ಬಿಟ್ಟು ಯಾವುದೋ ಗೋದಾಮಿನ ಗೇಟಿನಲ್ಲಿ ಕಾವಲಿಗೆ ಕೂರುತ್ತಿದ್ದ. ಮೊದಲು ಫೋನಿನಲ್ಲೇ ಬೈದನಂತೆ. ಸೋಮವಾರ ಬೆಳಿಗ್ಗೆ ಹೆಂಡತಿಯ ಜೊತೆ ಬಂದ. ಬಲತೊಡೆ ಎಡತೊಡೆಗಿಂತ ಸಣ್ಣಗಾಗಿರುವುದು ಪ್ಯಾಂಟಿನ ಮೇಲೇ ಗೊತ್ತಾಗುತ್ತಿತ್ತು. ಯಂತ್ರದ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವನು ಅಕ್ಕನನ್ನು ನೋಡಿದೊಡನೆ ಕೆಂಡವಾದ.

"ಎರಡು ವರ್ಷ, ಅಕ್ಕ! ಅಂಗಡಿಯೋರು ಕಳ್ಳ ಅಂದ್ರು. ಜೊತೆಯೋರು ನನ್ನ ನೋಡಿದ ಕೂಡ್ಲೆ ಕುಂಟಿ ತೋರಿಸಿ ನಕ್ರು. ನಿಮ್ಮ ಕಾಗದ ನೋಡಿ ಮನೇಲೂ ನಂಬಲಿಲ್ಲ. ಅವತ್ತು ಬಾಯಿಬಿಟ್ಟು ಹೇಳಿದ್ನಲ್ಲ, ಮೇಲೆ ನೋಡಿ ಅಂತ!"

"ಹೇಳಿದ್ರಿ. ನಾನು ಕೇಳಲಿಲ್ಲ. ತಪ್ಪು ನಂದು," ಎಂದಳು ಅಕ್ಕ. "ಬೈರಿ. ಇನ್ನೂ ಎಷ್ಟಿದೆಯೋ ಅಷ್ಟೂ ಬೈರಿ. ಬೈದು ಮುಗಿದ ಮೇಲೆ ಮಲಗಿ."

ಅವನು ಅವಳನ್ನೇ ನೋಡಿದ. ಅವಳ ಒಂದು ಕೈ ಬೆನ್ನಿನ ಮೇಲೆ, ಪಕ್ಕೆಲುಬಿನ ಹತ್ತಿರ ಅಡ್ಡ ಇತ್ತು. ಬೈಗುಳ ಅಲ್ಲೇ ನಿಂತಿತು. ಅವನು ಮಲಗಿದ.

ಅಂದಿನ ವರದಿ ನನ್ನ ಹದಿನಾರು ವರ್ಷದಲ್ಲಿ ನಾನು ಎಚ್ಚರವಿಟ್ಟು ಟೈಪಿಸಿದ ಮೊದಲ ವರದಿ. ಐದು ಡಿಸ್ಕಿಗೆ ಐದು ಸಾಲು. ಡಾಕ್ಟರು ಗುನುಗಲಿಲ್ಲ, ಬಿಡಿಸಿ ಬಿಡಿಸಿ ಹೇಳಿದರು. ಕಾಗದ ಕೊಟ್ಟಾಗ ಬೀರು ಹೊರುವವನು ಅದನ್ನು ಓದದೆ ನನಗೇ ವಾಪಸು ಕೊಟ್ಟ.

"ನೀವೇ ಓದಿ. ಜೋರಾಗಿ ಓದಿ. ಇವಳಿಗೆ ಕೇಳಬೇಕು."

ನಾನು ಎದ್ದು ನಿಂತು ಓದಿದೆ. "ಮೇಲಿನಿಂದ ಎರಡನೆಯ ಡಿಸ್ಕ್ ಬಲಕ್ಕೆ ಹೊರಚಾಚಿ ನರವನ್ನು ಒತ್ತಿದೆ. ಚಾಚಿದ ಭಾಗದ ಅಂಚಿನಲ್ಲಿ ಸುಣ್ಣಗಟ್ಟಿದೆ. ಹಳೆಯದು."

"ಹಳೇದು ಅಂದ್ರೆ?" ಎಂದು ಹೆಂಡತಿ ಕೇಳಿದಳು.

"ಅಂದ್ರೆ ಅವತ್ತೂ ಇತ್ತು, ತಾಯಿ," ಎಂದಳು ಅಕ್ಕ. "ಸುಣ್ಣ ಒಂದೆರಡು ದಿನಕ್ಕೆ ಕಟ್ಟಲ್ಲ. ನಿಮ್ಮ ಯಜಮಾನರು ಅವತ್ತು ಹೇಳಿದ್ದೂ ನಿಜ, ಇವತ್ತು ಹೇಳಿದ್ದೂ ನಿಜ."

ಆ ಹೆಂಗಸು ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ನಿಂತಳು. "ಬಗ್ಗೋಕಾಗಲ್ಲ, ಚಪ್ಪಲಿ ಹಾಕ್ಕೊಡು ಅಂತಿದ್ರು," ಎಂದಳು, ಯಾರನ್ನೂ ನೋಡದೆ. "ಸೋಗು ಹಾಕಬೇಡಿ ಅಂತ ಬೈದು ಒಳಗೆ ಹೋಗ್ತಿದ್ದೆ."

"ಅದು ನೀವಲ್ಲ. ಕಾಗದ ಹಾಗೆ ಹೇಳ್ತು, ಕಾಗದ ಹಾಗೆ ಹೇಳೋ ಹಾಗೆ ಮಾಡಿದ್ದು ನಾವು," ಎಂದಳು ಅಕ್ಕ.

ಅವನು ಇನ್ನೊಂದು ಪ್ರತಿ ಕೇಳಿದ. ಒಂದು ಮನೆಗೆ, ಒಂದನ್ನು ಆ ಅಂಗಡಿಯ ಗಲ್ಲಾದ ಮುಂದೆ ಅಂಟಿಸಿ ಬರುತ್ತೇನೆ ಎಂದ. ಸೆಂಟರಿನ ನಿಯಮದಲ್ಲಿ ಒಬ್ಬರಿಗೆ ಒಂದೇ ಪ್ರತಿ. ನಾನು ಆರು ತೆಗೆದು ಕೊಟ್ಟೆ, ಸಿಕ್ಕ ಸಿಕ್ಕ ಕಡೆ ಅಂಟಿಸಿ ಎಂದೆ.

ಬಾಗಿಲ ಬಳಿ ಅವನು ಗೋಡೆ ಹಿಡಿದು ಕಾಲಿನಿಂದ ಚಪ್ಪಲಿ ತಡಕಾಡುತ್ತಿದ್ದ. ಹೆಂಡತಿ ತಟ್ಟನೆ ಕೆಳಗೆ ಕೂತು ಅವನ ಪಾದ ಹಿಡಿದಳು. ಸಾಲಿನಲ್ಲಿ ಕೂತವರೆಲ್ಲ ನೋಡುತ್ತಿದ್ದರು. ಅವನಿಗೆ ಸಂಕೋಚವಾಗಿ, "ಏಯ್, ಬಿಡು, ಜನ ನೋಡ್ತಾರೆ," ಎಂದು ಕಾಲು ಎಳೆದುಕೊಳ್ಳಲು ಹೋದ.

"ನೋಡಲಿ," ಎಂದಳು ಅವಳು, ತಲೆ ಎತ್ತದೆ. "ಮಿಸುಕಬೇಡಿ."

ಅಕ್ಕ ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು. ಅವರು ಹೋದ ಮೇಲೆ ಅವಳು ರಜೆ ಅರ್ಜಿಗೆ ಸಹಿ ಹಾಕಿದಳು, ಮೆಮೋ ಕಾಗದವನ್ನು ಮಡಿಸಿ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡಳು, ಅತ್ತೆಗೆ ಓದಿ ಹೇಳಬೇಕಂತೆ. ಆಮೇಲೆ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಬೆನ್ನಿನ ಮೇಲೆ ಅಡ್ಡ ಇಟ್ಟುಕೊಂಡು, ಮ್ಯಾನೇಜರ ಕೋಣೆಯ ಮುಂದೆಯೇ ಒಂದೊಂದೇ ಮೆಟ್ಟಿಲಿಳಿದು ಮನೆಗೆ ಹೋದಳು.